ನಟ್ಟು ಬಿಚ್ಚೋ ಗನ್ನು: ಗಾಳಿಯೋ, ವೈರೋ, ಬ್ಯಾಟರಿಯೋ?

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಎಟಿವಿ ಟೀಮಿನ ಗಾಡಿ ಟೆಸ್ಟಿಂಗ್ ಮಾಡುವಾಗ ಮುಂದಿನ ಎಡಗಡೆ ಚಕ್ರ ಕಿತ್ತು ಬಂತು. ಗ್ರೌಂಡಿನಲ್ಲಿ ಅದು ಮೂರನೇ ರೌಂಡು. ಗಾಡಿ ಜಾಸ್ತಿ ಸ್ಪೀಡಲ್ಲಿ ಇರಲಿಲ್ಲ, ಓಡಿಸ್ತಿದ್ದ ಸೀನಿಯರ್ ಹೆಲ್ಮೆಟ್, ಬೆಲ್ಟ್ ಎರಡೂ ಹಾಕಿದ್ರು, ಹಾಗಾಗಿ ಅವರಿಗೆ ಏನೂ ಆಗಲಿಲ್ಲ. ಚಕ್ರ ಮಾತ್ರ ತನ್ನ ಪಾಡಿಗೆ ತಾನು ಉರುಳಿಕೊಂಡು ಹೋಗಿ ಕಾಂಪೌಂಡಿಗೆ ಬಡಿದು ಬಿತ್ತು. ಹಬ್ ನೋಡಿದರೆ ನಾಲ್ಕು ಸ್ಟಡ್‌ನಲ್ಲಿ ಎರಡು ಮುರಿದಿದ್ವು, ಉಳಿದ ಎರಡರಲ್ಲಿ ತ್ರೆಡ್ಡೇ ಇರಲಿಲ್ಲ.

ಹಿಂದಿನ ರಾತ್ರಿ ಆ ನಟ್‌ಗಳನ್ನ ಬಿಗಿ ಮಾಡಿದ್ದು ನಾನೇ. ಪಕ್ಕದ ಗ್ಯಾರೇಜಿನಿಂದ ಒಂದು ಗಾಳಿ ಗನ್ ಕೇಳಿ ತಂದಿದ್ವಿ. ಮೊದಲ ಸಲ ಕೈಗೆ ಸಿಕ್ಕ ಖುಷಿಗೆ ಒಂದೊಂದು ನಟ್ಟಿಗೂ "ಟರ್ರ್" ಅಂತ ಮೂರು ಸಲ ಕೊಟ್ಟಿದ್ದೆ. ಗಟ್ಟಿ ಇದ್ದಷ್ಟೂ ಒಳ್ಳೇದು ಅಂದುಕೊಂಡಿದ್ದೆ.

ನಮ್ಮ ಟೀಮಿನ ಸರ್ ಬೈಯಲಿಲ್ಲ. "ನಮ್ದೇ ಒಂದು ಇಂಪ್ಯಾಕ್ಟ್ ರೆಂಚ್ ತಗೊಳ್ಳೋಣ. 20,000 ರೂಪಾಯಿ ಕೊಡಿಸ್ತೀನಿ. ಆದ್ರೆ ಯಾವುದು, ಯಾಕೆ ಅಂತ ನೀನೇ ಬರೆದು ಕೊಡಬೇಕು" ಅಂದ್ರು. ಆ ಎರಡು ಪುಟದ ರಿಪೋರ್ಟೇ ಬೆಳೆದು ಈ ಲೇಖನ ಆಗಿದೆ. ನಾನು ಓದಿದ್ದೆಲ್ಲಾ ಇಂಗ್ಲಿಷ್ ಮೀಡಿಯಂ, ಕನ್ನಡದಲ್ಲಿ ಇಷ್ಟು ಉದ್ದ ಬರೀತಿರೋದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಮೊದಲು ಒಂದು ಲೆಕ್ಕ

ರಿಪೋರ್ಟ್ ಬರೆಯೋಕೆ ಮುಂಚೆ ನಾನು ಹೋಗಿದ್ದು ಹಿರಿಯೂರಿಗೆ. ಅಲ್ಲಿ ಹೈವೇ ಪಕ್ಕ ನಮ್ಮ ಮಾವನದು ಟೈರ್ ಅಂಗಡಿ ಇದೆ, ಬರೋದೆಲ್ಲಾ ಬರೀ ಲಾರಿಗಳು. ಲಾರಿ ಚಕ್ರದ ನಟ್ಟಿಗೆ ಸುಮಾರು 600 ನ್ಯೂಟನ್-ಮೀಟರ್ ಟಾರ್ಕ್ ಬೇಕು. ಟಾರ್ಕ್ ಅಂದ್ರೆ ಗೊತ್ತಲ್ಲ, ಬಲ ಗುಣಿಸು ದೂರ. ನನ್ನ ತೂಕ 48 ಕೆಜಿ. 40 ಸೆಂಟಿಮೀಟರ್ ಉದ್ದದ ಪಾನಾ ಹಾಕಿ ಅದರ ತುದಿ ಮೇಲೆ ನಾನು ಹತ್ತಿ ನಿಂತರೂ 48 × 9.8 × 0.4, ಅಂದ್ರೆ 188 ನ್ಯೂಟನ್-ಮೀಟರ್ ಅಷ್ಟೇ. ನಟ್ ಅಲ್ಲಾಡೋದೂ ಇಲ್ಲ. ಅದಕ್ಕೇ ಲಾರಿ ಕ್ಲೀನರ್ ಹುಡುಗರು ಪಾನಾಗೆ ಉದ್ದದ ಪೈಪ್ ಸಿಕ್ಕಿಸಿ ಅದರ ಮೇಲೆ ಕುಣಿಯೋದು. ನನ್ನ ತೂಕಕ್ಕೆ ಸುಮಾರು 1.3 ಮೀಟರ್ ಪೈಪ್ ಬೇಕಾಗತ್ತೆ.

ಆದ್ರೆ ಮಾವನ ಗನ್ನಿಗೆ ಅಂಥ ಪೈಪೂ ಇಲ್ಲ, ಅದರ ಮೇಲೆ ಯಾರೂ ಹತ್ತಿ ನಿಲ್ಲೋದೂ ಇಲ್ಲ. ಹಾಗಾದ್ರೆ 600 ಎಲ್ಲಿಂದ ಬರತ್ತೆ? ಇನ್ನೊಂದು ಪ್ರಶ್ನೆ: ನಟ್ಟಿನ ಮೇಲೆ 600 ಬೀಳ್ತಿದ್ರೆ ನ್ಯೂಟನ್‌ನ ಮೂರನೇ ನಿಯಮದ ಪ್ರಕಾರ ಹಿಡಿದವನ ಮಣಿಕಟ್ಟು ತಿರುಚಿ ಹೋಗಬೇಕಲ್ವಾ?

ಒತ್ತೋದಲ್ಲ, ಹೊಡೆಯೋದು

ತೆಂಗಿನಕಾಯಿನ ಕಲ್ಲಿನ ಮೇಲಿಟ್ಟು ಎರಡೂ ಕೈಯಲ್ಲಿ ಎಷ್ಟೇ ಒತ್ತಿ, ಒಡೆಯಲ್ಲ. ಅದೇ ಕಾಯನ್ನ ಎತ್ತಿ ಒಂದು ಸಲ ಬಡಿದರೆ ಎರಡು ಹೋಳು. ನಿಮ್ಮ ಕೈಯ ಶಕ್ತಿ ಏನೂ ಜಾಸ್ತಿ ಆಗಿಲ್ಲ. ಕೈ ಬೀಸುವಾಗ ನಿಧಾನಕ್ಕೆ ಕೂಡಿದ ಶಕ್ತಿ, ಕಲ್ಲಿಗೆ ತಾಗಿದಾಗ ಕಣ್ಣು ಮಿಟುಕಿಸೋದರೊಳಗೆ ಖಾಲಿ ಆಯ್ತು. ಸಮಯ ಕಮ್ಮಿ ಆದಷ್ಟೂ ಬಲ ಜಾಸ್ತಿ. ಫಸ್ಟ್ ಇಯರ್‌ನಲ್ಲಿ ಓದಿದ ಇಂಪಲ್ಸ್ ಇದೇ.

ಇಂಪ್ಯಾಕ್ಟ್ ರೆಂಚ್ ಒಳಗೆ ನಡೆಯೋದೂ ಇದೇ. ಒಳಗಿರೋ ಮೋಟಾರು ನಟ್ಟನ್ನ ನೇರವಾಗಿ ತಿರುಗಿಸಲ್ಲ. ಅದು ಒಂದು ಭಾರದ ಕಬ್ಬಿಣದ ತುಂಡನ್ನ ತಿರುಗಿಸತ್ತೆ, ಇದಕ್ಕೆ ಹ್ಯಾಮರ್ ಅಂತಾರೆ. ಸಾಕೆಟ್ ಕೂರೋ ಚೌಕದ ಕಡ್ಡಿಯ ಹಿಂಭಾಗಕ್ಕೆ ಆನ್ವಿಲ್ ಅಂತಾರೆ. ನಟ್ ಸಲೀಸಾಗಿ ತಿರುಗೋ ತನಕ ಹ್ಯಾಮರ್, ಆನ್ವಿಲ್ ಎರಡೂ ಒಟ್ಟಿಗೆ ತಿರುಗ್ತವೆ. ನಟ್ ಹಿಡಿದುಕೊಂಡ ತಕ್ಷಣ ಹ್ಯಾಮರ್ ಜಾರಿ ಬಿಡಿಸಿಕೊಂಡು, ಮತ್ತೆ ವೇಗ ತಗೊಂಡು ಬಂದು ಆನ್ವಿಲ್‌ಗೆ ಬಡಿಯತ್ತೆ. ಮತ್ತೆ ಜಾರತ್ತೆ, ಮತ್ತೆ ಬಡಿಯತ್ತೆ. "ಟರ್ರ್" ಅನ್ನೋ ಶಬ್ದ ಅದೇ, ಒಂದು ಸೆಕೆಂಡಿನೊಳಗೆ ಹತ್ತಾರು ಏಟು.

ಎರಡನೇ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ಏಟು ಬೀಳೋದು ಹ್ಯಾಮರ್ ಮತ್ತು ಆನ್ವಿಲ್ ನಡುವೆ. ಕೈಗೆ ಬರೋದು ಹ್ಯಾಮರ್‌ನ ವೇಗಕ್ಕೆ ತರೋಕೆ ಮೋಟಾರು ಹಾಕೋ ಸಣ್ಣ ಟಾರ್ಕ್ ಮಾತ್ರ. ಅದಕ್ಕೇ ನನ್ನಂಥ 48 ಕೆಜಿಯವಳೂ ಲಾರಿ ನಟ್ ಬಿಚ್ಚಬಹುದು.

ಈ ಹೊಡೆಯೋ ಕೆಲಸ ಮೂರೂ ಥರದ ಗನ್‌ನಲ್ಲಿ ಹೆಚ್ಚುಕಮ್ಮಿ ಒಂದೇ. ಮುಖ್ಯ ವ್ಯತ್ಯಾಸ ಹ್ಯಾಮರ್‌ಗೆ ಶಕ್ತಿ ಎಲ್ಲಿಂದ ಬರತ್ತೆ ಅನ್ನೋದರಲ್ಲಿ.

ಗಾಳಿ ಗನ್

ಇದರೊಳಗೆ ಕರೆಂಟಿನ ಕೆಲಸವೇ ಇಲ್ಲ. ಸಿಲಿಂಡರಿನಲ್ಲಿ ಸ್ವಲ್ಪ ಒಂದು ಪಕ್ಕಕ್ಕೆ ಸರಿಸಿ ಕೂರಿಸಿದ ರೋಟರ್, ಅದರ ಸೀಳುಗಳಲ್ಲಿ ಒಳಗೂ ಹೊರಗೂ ಜಾರೋ ತೆಳ್ಳನೆ ವೇನ್‌ಗಳು, ಅಷ್ಟೇ. ಗಾಳಿ ಒತ್ತಡಕ್ಕೆ ರೋಟರ್ ತಿರುಗತ್ತೆ. ಸಾಮಾನ್ಯವಾಗಿ ಈ ಗನ್‌ಗಳ ರೇಟಿಂಗ್ ಕೊಡೋದು 90 ಪಿಎಸ್‌ಐಗೆ, ಅಂದ್ರೆ 6.2 ಬಾರ್.

ಇದರ ದೊಡ್ಡ ಗುಣ: ಸುಡಲ್ಲ. ಎಲೆಕ್ಟ್ರಿಕ್ ಮೋಟಾರು ಲೋಡಿಗೆ ನಿಂತುಹೋದರೆ ಕರೆಂಟ್ ಏರಿ ವೈಂಡಿಂಗ್ ಬಿಸಿ ಆಗತ್ತೆ. ಗಾಳಿ ಮೋಟಾರು ನಿಂತರೆ ನಿಂತಿತು ಅಷ್ಟೇ. ಹಿಗ್ಗಿದ ಗಾಳಿ ತಣ್ಣಗಾಗೋದರಿಂದ ಬೆಳಗ್ಗಿಂದ ರಾತ್ರಿ ತನಕ ಓಡಿಸಿದರೂ ಗನ್ ತಣ್ಣಗೇ ಇರತ್ತೆ. ಮಾವನ ಗನ್ ಎಷ್ಟು ಸಲ ನೆಲಕ್ಕೆ ಬಿದ್ದಿದೆಯೋ ಲೆಕ್ಕ ಇಲ್ಲ. ಎಫ್1 ಪಿಟ್‌ನಲ್ಲೂ ಚಕ್ರ ಬಿಚ್ಚೋದು ಗಾಳಿ ಗನ್ನೇ. 2023ರ ಕತಾರ್ ರೇಸ್‌ನಲ್ಲಿ ಮೆಕ್‌ಲಾರೆನ್ ಟೀಮು 1.80 ಸೆಕೆಂಡಿನಲ್ಲಿ ನಾಲ್ಕೂ ಚಕ್ರ ಬದಲಾಯಿಸಿದ್ದು ಅದರಲ್ಲೇ.

ಆದ್ರೆ ಗನ್ ಅಗ್ಗ, ಕಂಪ್ರೆಸರ್ ಅಲ್ಲ. ನಮ್ಮ ಟೀಮಿನವರು "ಸಣ್ಣ 50 ಲೀಟರ್ ಕಂಪ್ರೆಸರ್ ಸಾಕು" ಅಂತಿದ್ರು. ಲೆಕ್ಕ ಹಾಕಿ ನೋಡಿದೆ. ಟ್ಯಾಂಕು 8 ಬಾರ್‌ನಿಂದ 6 ಬಾರ್‌ಗೆ ಇಳಿಯೋ ತನಕ ಸಿಗೋ ಗಾಳಿ 50 × 2, ಅಂದ್ರೆ ಸುಮಾರು 100 ಲೀಟರ್. ಅರ್ಧ ಇಂಚಿನ ಗನ್ನಿನ ಟ್ರಿಗರ್ ಒತ್ತಿ ಹಿಡಿದರೆ ನಿಮಿಷಕ್ಕೆ ಸುಮಾರು 500 ಲೀಟರ್ ಕುಡಿಯತ್ತೆ. ಅಂದ್ರೆ 12 ಸೆಕೆಂಡ್! ಒಂದು ನಟ್ಟಿಗೆ ಮೂರು ಸೆಕೆಂಡ್ ಅಂದ್ಕೊಂಡ್ರೆ ನಾಲ್ಕು ನಟ್. ನಮ್ಮ ಗಾಡಿಗೆ ಇರೋದು ಹದಿನಾರು. ಕಂಪ್ರೆಸರ್ ಜೊತೆಜೊತೆಗೇ ತುಂಬತ್ತೆ ನಿಜ, ಆದ್ರೆ 2 ಎಚ್‌ಪಿಯದು ಖರ್ಚಾಗೋ ವೇಗಕ್ಕೆ ತುಂಬೋಕಾಗಲ್ಲ. ಒತ್ತಡ ಬಿದ್ದ ಹಾಗೆ ಟಾರ್ಕೂ ಬೀಳತ್ತೆ. ಸಣ್ಣ ಒಳಅಳತೆಯ ಉದ್ದದ ಪೈಪ್ ಹಾಕಿದರೆ ಇನ್ನೂ ಕಮ್ಮಿ.

ಕರೆಂಟ್ ಬಿಲ್ಲಿನ ಕಥೆ ಬೇರೆ. ಗಾಳಿನ ಒತ್ತುವಾಗ ಹೆಚ್ಚಿನ ಶಕ್ತಿ ಬಿಸಿಯಾಗಿ ಹೋಗತ್ತೆ. ಕಂಪ್ರೆಸರ್‌ಗೆ ಕೊಟ್ಟ ಕರೆಂಟಿನಲ್ಲಿ ಹತ್ತರಲ್ಲಿ ಒಂದು, ಒಂದೂವರೆ ಪಾಲು ಮಾತ್ರ ಕೆಲಸಕ್ಕೆ ಬರತ್ತೆ. ಜೊತೆಗೆ ದಿನಾ ಟ್ಯಾಂಕಿನ ಕೆಳಗಿನ ನೀರು ಬಿಡಬೇಕು, ಗನ್ನಿಗೆ ಒಂದೆರಡು ತೊಟ್ಟು ಎಣ್ಣೆ ಬಿಡಬೇಕು. ಮರೆತರೆ ವೇನ್‌ಗಳು ತುಕ್ಕಿಗೆ ಅಂಟಿಕೊಳ್ತವೆ.

ಇನ್ನೊಂದು ವಿಷಯ ನಾನು ಹಿರಿಯೂರಿನಲ್ಲೇ ಗಮನಿಸಿದ್ದು. ಮಾವನ್ನ ಬಲಗಡೆಯಿಂದ ಕರೆದರೆ ಕೇಳಿಸಲ್ಲ. ಎರಡು ಸಲ ಕೂಗಿದ ಮೇಲೆ ತಿರುಗಿ "ಈ ಕಿವಿ ಗನ್ನಿಗೆ ಕೊಟ್ಟಿದೀನಿ ಕಣಮ್ಮ, ಆ ಕಡೆ ಬಾ" ಅಂತ ನಕ್ಕರು. ಚಳಿಗಾಲದಲ್ಲಿ ಬೆರಳು ಜುಮ್ಮುಗಟ್ಟತ್ತೆ ಅಂತ ಅತ್ತೆ ಹೇಳಿದ್ರು. ಇಂಪ್ಯಾಕ್ಟ್ ಗನ್ ಯಾವುದೇ ಇರಲಿ, ಶಬ್ದ, ಅದುರು ಎರಡೂ ಇದ್ದೇ ಇರತ್ತೆ. ಇಯರ್‌ಪ್ಲಗ್ ಬೆಲೆ ಒಂದು ಪ್ಲೇಟ್ ಗೋಬಿಗಿಂತ ಕಮ್ಮಿ. ನಾನು ಅವರಿಗೆ ಒಂದು ಡಬ್ಬಿ ತಗೊಂಡು ಹೋಗಿ ಕೊಟ್ಟಿದೀನಿ. ಹಾಕ್ಕೊಳ್ತಾರೋ ಇಲ್ವೋ ಅತ್ತೆನ ಕೇಳಬೇಕು.

ವೈರ್ ಗನ್

ಗೋಡೆಯ ಪ್ಲಗ್ಗಿಗೆ ಹಾಕಿ ಓಡಿಸೋದು. 230 ವೋಲ್ಟ್, ಒಳಗೆ ಸಾಮಾನ್ಯವಾಗಿ ಯೂನಿವರ್ಸಲ್ ಮೋಟಾರು, ನಮ್ಮ ಮನೆ ಮಿಕ್ಸಿಯಲ್ಲಿ ಇರೋ ಥರದ್ದೇ. ಕಾರ್ಬನ್ ಬ್ರಶ್ ಇರೋದರಿಂದ ಕಿಡಿ ಹಾರತ್ತೆ, ಪೆಟ್ರೋಲ್ ಹತ್ತಿರ ಇಟ್ಟುಕೊಂಡು ಇದನ್ನ ಓಡಿಸಬೇಡಿ. ಬ್ರಶ್ ಸವೆದರೆ ಹೊಸದು ಹಾಕಿದರಾಯ್ತು, ಕಡಿಮೆ ಖರ್ಚಿನ ರಿಪೇರಿ.

ಇದಕ್ಕೆ ಕಂಪ್ರೆಸರ್ ಬೇಡ, ಚಾರ್ಜಿಂಗ್ ಬೇಡ. ಕರೆಂಟ್ ಇರೋ ತನಕ ಓಡತ್ತೆ, ಮಧ್ಯಾಹ್ನ ಎಷ್ಟು ಜೋರಿತ್ತೋ ಸಂಜೆಗೂ ಅಷ್ಟೇ. ಶೀಟ್ ಛಾವಣಿ, ಸ್ಟೀಲ್ ಸ್ಟ್ರಕ್ಚರ್ ಕಟ್ಟೋರು, ಫ್ಯಾಬ್ರಿಕೇಶನ್ ಶೆಡ್ಡಿನವರು ಒಂದೇ ಜಾಗದಲ್ಲಿ ನೂರಾರು ಬೋಲ್ಟ್ ಹಾಕಬೇಕಲ್ಲ, ಅವರಿಗೆ ಹೇಳಿ ಮಾಡಿಸಿದ್ದು.

ಉದ್ದದ ಎಕ್ಸ್‌ಟೆನ್ಶನ್ ಹಾಕಿದರೆ ವೋಲ್ಟೇಜ್ ಬಿದ್ದು ಗನ್ ಕೆಲಸ ಮಾಡಲ್ಲ ಅಂತ ಒಬ್ಬ ಸೀನಿಯರ್ ಹೇಳಿದ್ರು. ಇದನ್ನೂ ಲೆಕ್ಕ ಹಾಕಿದೆ. 800 ವ್ಯಾಟ್ ಗನ್ ಸುಮಾರು 3.5 ಆಂಪಿಯರ್ ಎಳೆಯತ್ತೆ. 50 ಮೀಟರ್ ಉದ್ದದ, 0.75 ಚದರ ಮಿಲಿಮೀಟರ್ ತಾಮ್ರದ ವೈರ್ ಅಂದ್ರೆ ಹೋಗಿ ಬರೋಕೆ 100 ಮೀಟರ್, ರೆಸಿಸ್ಟೆನ್ಸ್ ಸುಮಾರು 2.3 ಓಮ್. ಬೀಳೋದು 8 ವೋಲ್ಟ್ ಅಷ್ಟೇ. 230ರಲ್ಲಿ 8 ಏನೂ ಅಲ್ಲ. ನಿಜವಾದ ತೊಂದರೆ ಸಡಿಲ ಪ್ಲಗ್, ಕಿತ್ತುಹೋದ ಟೇಪ್ ಸುತ್ತಿದ ಜಾಯಿಂಟು, ಮತ್ತೆ ಒದ್ದೆ ನೆಲದ ಮೇಲೆ ಬಿದ್ದಿರೋ ಬೋರ್ಡು. ಎಟಿವಿ ರೇಸ್ ನಡೆಯೋದು ಕೆಸರಲ್ಲಿ. ಕೆಸರು, 230 ವೋಲ್ಟ್, ನಿದ್ದೆಗೆಟ್ಟ ಇಂಜಿನಿಯರಿಂಗ್ ಹುಡುಗರು, ಈ ಮೂರು ಒಂದು ಕಡೆ ಸೇರಬಾರದು.

ಬ್ಯಾಟರಿ ಗನ್

ಡಬ್ಬಿ ಮೇಲೆ ಒಂದು ಕಂಪನಿ 18 ವೋಲ್ಟ್ ಅಂತ ಬರೆದಿರತ್ತೆ, ಇನ್ನೊಂದು 20 ವೋಲ್ಟ್ ಅಂತ. ಸಾಮಾನ್ಯವಾಗಿ ಎರಡೂ ಒಂದೇ! ಒಳಗೆ ಐದು ಲಿಥಿಯಂ ಸೆಲ್ ಸಾಲಾಗಿ ಇರತ್ತೆ. ಒಂದೊಂದರ ನಾಮಿನಲ್ ವೋಲ್ಟೇಜ್ 3.6, ಐದಕ್ಕೆ 18. ಪೂರ್ತಿ ಚಾರ್ಜ್ ಆದಾಗ ಒಂದೊಂದು 4 ವೋಲ್ಟಿಗಿಂತ ಸ್ವಲ್ಪ ಮೇಲೆ, ಐದಕ್ಕೆ 20 ಚಿಲ್ಲರೆ. 20 ಅಂತ ಬರೆದಿದ್ದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ.

ಎಷ್ಟು ನಟ್ ಬಿಚ್ಚಬಹುದು? 18 ವೋಲ್ಟ್, 4 ಆಂಪಿಯರ್-ಅವರ್ ಬ್ಯಾಟರಿ ಅಂದ್ರೆ 72 ವ್ಯಾಟ್-ಅವರ್, ಅಂದ್ರೆ ಸುಮಾರು 2,59,000 ಜೂಲ್. ಗನ್ 30 ಆಂಪಿಯರ್ ಎಳೆದು ಒಂದು ನಟ್ಟಿಗೆ ಮೂರು ಸೆಕೆಂಡ್ ತಗೊಂಡರೆ 1,620 ಜೂಲ್. ಕಾಗದದ ಮೇಲೆ 160 ನಟ್. ಬ್ಯಾಟರಿ ಹಳೇದಾಗಿರತ್ತೆ, ತುಕ್ಕು ಹಿಡಿದ ನಟ್ ಸಿಗತ್ತೆ, ಹಾಗಾಗಿ ಅರ್ಧ ಅಂದುಕೊಳ್ಳೋಣ, 80. ನಮ್ಮ ಹದಿನಾರೂ ನಟ್ ಬಿಚ್ಚಿ ಮತ್ತೆ ಹಾಕೋಕೆ 32. ಒಂದು ಚಾರ್ಜಿಗೆ ಎರಡು ಸಲ ಆರಾಮಾಗಿ ಆಗತ್ತೆ.

ಈಗಿನ ಒಳ್ಳೆ ಬ್ಯಾಟರಿ ಗನ್‌ಗಳಲ್ಲಿ ಬ್ರಶ್‌ಲೆಸ್ ಮೋಟಾರ್ ಇರತ್ತೆ. ಬ್ರಶ್ ಉಜ್ಜಾಟ ಇಲ್ಲ, ಅದೇ ಬ್ಯಾಟರಿಗೆ ಜಾಸ್ತಿ ಕೆಲಸ ಆಗತ್ತೆ, ಸ್ಪೀಡನ್ನೂ ಎಲೆಕ್ಟ್ರಾನಿಕ್ಸ್ ಕಂಟ್ರೋಲ್ ಮಾಡತ್ತೆ. ಎರಡು ಮೂರು ಮೋಡ್ ಇರೋದು ಸಿಗತ್ತೆ. ಇದು ಮುಂದೆ ನಮಗೆ ಬೇಕಾಗತ್ತೆ, ನೆನಪಿಟ್ಟುಕೊಳ್ಳಿ.

ತೊಂದರೆ ಇಲ್ಲದೆ ಇಲ್ಲ. ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿ ಮತ್ತು ಚಾರ್ಜರ್‌ದೇ. ಬಳಸಿದರೂ ಬಳಸದಿದ್ದರೂ ಬ್ಯಾಟರಿಗೆ ವಯಸ್ಸಾಗತ್ತೆ. ಒಂದು ಕಂಪನಿಯ ಬ್ಯಾಟರಿ ಸಾಮಾನ್ಯವಾಗಿ ಇನ್ನೊಂದಕ್ಕೆ ಕೂರಲ್ಲ, ಹಾಗಾಗಿ ಮೊದಲ ಟೂಲ್ ತಗೊಂಡಾಗಲೇ ಮುಂದಿನ ಡ್ರಿಲ್ಲು, ಗ್ರೈಂಡರ್ ಎಲ್ಲದರ ಕಂಪನಿನೂ ಆರಿಸಿಬಿಟ್ಟ ಹಾಗೆ. ನಮ್ಮ ವರ್ಕ್‌ಶಾಪಿನಲ್ಲಿ ಯಾವ ಬ್ಯಾಟರಿ ಡ್ರಿಲ್ ಇದೆ ಅಂತ ನೋಡಿಯೇ ನಾನು ಪಟ್ಟಿ ಮಾಡಿದ್ದು.

ಡಬ್ಬಿ ಮೇಲಿನ ದೊಡ್ಡ ನಂಬರ್

ಇಷ್ಟೆಲ್ಲಾ ಆದ ಮೇಲೆ ಟೀಮ್ ಮೀಟಿಂಗಿನಲ್ಲಿ ಎಲ್ಲರ ಕಣ್ಣೂ ಒಂದೇ ಕಡೆ: 1,000 ನ್ಯೂಟನ್-ಮೀಟರ್ ಅಂತ ಬರೆದಿದ್ದ ಒಂದು ಮಾಡೆಲ್. "ಇದೇ ಬೆಸ್ಟು." ನಾನೂ ಒಂದು ತಿಂಗಳ ಹಿಂದೆ ಆಗಿದ್ದರೆ ಅದನ್ನೇ ಹೇಳ್ತಿದ್ದೆ.

ಸರ್ ಒಂದೇ ಪ್ರಶ್ನೆ ಕೇಳಿದ್ರು: "ಬಿಚ್ಚೋಕೆ ಬೇಕೋ, ಬಿಗಿ ಮಾಡೋಕೆ ಬೇಕೋ?"

ನಮ್ಮ ಹಬ್‌ನ ಸ್ಟಡ್ ಎಂ10, 8.8 ಗ್ರೇಡ್. ಬೋಲ್ಟ್ ಅಂದ್ರೆ ಒಂದು ಗಟ್ಟಿ ಸ್ಪ್ರಿಂಗ್ ಅಂದುಕೊಳ್ಳಿ. ನಟ್ ಬಿಗಿ ಮಾಡಿದಾಗ ಅದು ಕೂದಲೆಳೆಯಷ್ಟು ಹಿಗ್ಗತ್ತೆ, ವಾಪಸ್ ಕುಗ್ಗೋಕೆ ನೋಡತ್ತೆ, ಆ ಎಳೆತವೇ ಚಕ್ರನ ಹಬ್ಬಿಗೆ ಒತ್ತಿ ಹಿಡಿಯೋದು. ಲೆಕ್ಕ ಸುಲಭ: ಟಾರ್ಕ್ ಅಂದ್ರೆ 0.2 ಗುಣಿಸು ಎಳೆತ ಗುಣಿಸು ಬೋಲ್ಟಿನ ವ್ಯಾಸ. ಆ 0.2 ಘರ್ಷಣೆಯ ಲೆಕ್ಕ. ಎಂ10 ಸ್ಟಡ್‌ನ ಒತ್ತಡ ತಡೆಯೋ ವಿಸ್ತೀರ್ಣ 58 ಚದರ ಮಿಲಿಮೀಟರ್, ಪ್ರೂಫ್ ಸ್ಟ್ರೆಸ್ 580 ಮೆಗಾಪಾಸ್ಕಲ್. ಅದರ ಮುಕ್ಕಾಲು ಭಾಗ ಎಳೆತ ಸಾಕು, ಅಂದ್ರೆ ಸುಮಾರು 25,000 ನ್ಯೂಟನ್. ಬೇಕಾದ ಟಾರ್ಕ್: 0.2 × 25,000 × 0.01, ಅಂದ್ರೆ 50 ನ್ಯೂಟನ್-ಮೀಟರ್.

ಬರೀ ಐವತ್ತು. ಅದೇ ಸೂತ್ರದಲ್ಲಿ ಸ್ಟಡ್ ಮುರಿಯೋ ಹಂತ ಹುಡುಕಿದರೆ ಸುಮಾರು 93 ಬರತ್ತೆ. ನಾನು ಆ ರಾತ್ರಿ ಹಿಡಿದಿದ್ದ ಗನ್ನಿನ ಮೇಲೆ ಬರೆದಿದ್ದಿದ್ದು 600. ಈ ಮೂರು ನಂಬರನ್ನ ಒಂದರ ಕೆಳಗೆ ಒಂದು ಬರೆದಾಗ ನನ್ನ ಕೈ ತಣ್ಣಗಾಯ್ತು. ನಾನು ಆ ಸ್ಟಡ್‌ಗಳನ್ನ ರಾತ್ರಿನೇ ಯೀಲ್ಡ್ ದಾಟಿಸಿ ಹಿಗ್ಗಿಸಿಬಿಟ್ಟಿದ್ದೆ. ಹೊರಗಿನಿಂದ ನೋಡೋಕೆ ಎಲ್ಲಾ ಗಟ್ಟಿಯಾಗೇ ಇತ್ತು. ಬೆಳಗ್ಗೆ ಮೂರು ರೌಂಡು ಕುಲುಕಾಟಕ್ಕೆ ಮುರಿದ್ವು.

ಇನ್ನೊಂದು ಅಪಾಯ ಇದೆ. ತ್ರೆಡ್ಡಿಗೆ ಎಣ್ಣೆ ತಾಗಿದ್ದರೆ ಆ 0.2 ಇಳಿದು 0.15 ಆಗಬಹುದು. ಆಗ ಅದೇ 50 ನ್ಯೂಟನ್-ಮೀಟರ್‌ಗೆ ಎಳೆತ 33,000 ದಾಟತ್ತೆ, ಹೆಚ್ಚುಕಮ್ಮಿ ಪ್ರೂಫ್ ಮಿತಿಗೇ ಬಂದು ನಿಲ್ಲತ್ತೆ. ಟಾರ್ಕ್ ರೆಂಚಿನಲ್ಲೇ ಹೀಗಾದ್ರೆ, ಎಷ್ಟು ಏಟು ಬಿತ್ತು ಅಂತಾನೇ ಗೊತ್ತಾಗದ ಗನ್ನಿನಲ್ಲಿ ಹೇಗಿರತ್ತೆ ಯೋಚಿಸಿ. ಗಾಳಿ, ವೈರು, ಬ್ಯಾಟರಿ ಯಾವುದೇ ಆಗಲಿ, ಮಾಮೂಲಿ ಇಂಪ್ಯಾಕ್ಟ್ ಗನ್ ಬಿಚ್ಚೋ ಸಾಮಾನು. ಅದನ್ನ ಅಳೆಯೋ ಸಾಮಾನು ಅಂದುಕೊಂಡಿದ್ದೇ ನನ್ನ ತಪ್ಪು.

ಡಬ್ಬಿ ನೋಡುವಾಗ ಇದೂ ಗೊತ್ತಿರಲಿ. ಕೆಲವು ಕಂಪನಿಗಳು ದೊಡ್ಡದಾಗಿ ಬರೆಯೋದು ಬಿಚ್ಚುವಾಗಿನ ಟಾರ್ಕ್, ಬಿಗಿ ಮಾಡೋದು ಅದಕ್ಕಿಂತ ಕಮ್ಮಿ ಇರತ್ತೆ. ಎರಡು ಮಾಡೆಲ್ ಹೋಲಿಸುವಾಗ ಅದೇ ಸಾಲಿನ ನಂಬರನ್ನೇ ಹೋಲಿಸಿ. ಸಾಕೆಟ್ ಕೂಡ ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್ಟೇ ಇರಬೇಕು. ಕೈ ಪಾನಾದ ಹೊಳೆಯೋ ಸಾಕೆಟ್ ಏಟಿಗೆ ಸೀಳಿ ಚೂರು ಹಾರಬಹುದು.

ಹಾಗಾದ್ರೆ ಯಾರಿಗೆ ಯಾವುದು?

- ಟೈರ್ ಅಂಗಡಿ, ಬಸ್ ಡಿಪೋ, ದಿನಾ ನೂರಾರು ನಟ್, ದೊಡ್ಡ ಕಂಪ್ರೆಸರ್ ಮೊದಲೇ ಇದೆ: ಗಾಳಿ ಗನ್. ಯೋಚನೆ ಬೇಡ.
- ಒಂದೇ ಶೆಡ್ಡಿನಲ್ಲಿ ಕೆಲಸ, ನೆಲ ಒಣಗಿದೆ, ಪ್ಲಗ್ ಹತ್ತಿರ ಇದೆ, ಬಜೆಟ್ ಕಮ್ಮಿ: ವೈರ್ ಗನ್.
- ರಸ್ತೆ ಬದಿ, ರೇಸ್ ಪಿಟ್, ಕಾಲೇಜ್ ಟೀಮು, ಆಗಾಗ ಮಾತ್ರ ಕೆಲಸ: ಬ್ಯಾಟರಿ ಗನ್.
- ಮನೆಯ ಕಾರಿಗೆ ವರ್ಷಕ್ಕೆ ಎರಡು ಸಲ ಸ್ಟೆಪ್ನಿ ಹಾಕೋಕೆ: ಗನ್ನೇ ಬೇಡ. ಕಾರಿನ ನಟ್ಟಿಗೆ ಸುಮಾರು 100 ನ್ಯೂಟನ್-ಮೀಟರ್ ಸಾಕು, ಉದ್ದದ ಪಾನಾ ಒಂದಿದ್ದರೆ ಆಯ್ತು.

ನಾವು ತಗೊಂಡಿದ್ದು 18 ವೋಲ್ಟಿನ, ಅರ್ಧ ಇಂಚಿನ, 300 ನ್ಯೂಟನ್-ಮೀಟರ್ ಬ್ಯಾಟರಿ ಗನ್. ವರ್ಕ್‌ಶಾಪಿನ ಡ್ರಿಲ್ಲಿನ ಬ್ಯಾಟರಿನೇ ಅದಕ್ಕೂ ಕೂರತ್ತೆ, ಹಾಗಾಗಿ ಬರೀ ಗನ್ ತಗೊಂಡು ದುಡ್ಡು ಉಳಿಸಿದ್ವಿ. ಉಳಿದಿದ್ದರಲ್ಲಿ ಒಂದು ಕ್ಲಿಕ್ ಟಾರ್ಕ್ ರೆಂಚ್. ನಿಜ ಹೇಳಬೇಕು ಅಂದ್ರೆ ಆ ಲಿಸ್ಟಿನಲ್ಲಿ ನಾನು ಮೊದಲು ಬರೆದಿದ್ದು ಟಾರ್ಕ್ ರೆಂಚೇ, ಗನ್ ಎರಡನೇದು.

ಈಗ ನಮ್ಮ ಪಿಟ್‌ನಲ್ಲಿ ಒಂದು ಕ್ರಮ ಇದೆ. ನಟ್ಟನ್ನ ಮೊದಲು ಕೈಯಲ್ಲೇ ಮೂರು ಸುತ್ತು ಹಾಕಬೇಕು. ಆಮೇಲೆ ಗನ್ನಿನ ಕಡಿಮೆ ಮೋಡಿನಲ್ಲಿ ಕೂರಿಸಬೇಕು, ಮೊದಲ "ಟಕ್" ಕೇಳಿದ ಕೂಡಲೇ ಟ್ರಿಗರ್ ಬಿಡಬೇಕು. ಆಮೇಲೆ ಗಾಡಿ ಇಳಿಸಿ, ಎದುರುಬದುರು ನಟ್‌ಗಳ ಕ್ರಮದಲ್ಲಿ, ಟಾರ್ಕ್ ರೆಂಚಿನಲ್ಲಿ 50. ಒಂದು ರೌಂಡು ಓಡಿದ ಮೇಲೆ ಮತ್ತೆ ಒಂದು ಸಲ ಚೆಕ್. ಮಾಡಿದವರು ಬೋರ್ಡಿನಲ್ಲಿ ಹೆಸರು ಬರೆಯಬೇಕು.

ಹಿರಿಯೂರಿಗೆ ಹೋದಾಗ ಇದನ್ನೆಲ್ಲಾ ಮಾವನಿಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಒಳಗಿಂದ ಒಂದು ಉದ್ದದ ಟಾರ್ಕ್ ರೆಂಚ್ ತಂದು ತೋರಿಸಿದ್ರು. "ಬಿಚ್ಚೋಕೆ ಗನ್ನು, ಕೊನೇಗೆ ಇದು. ಹದಿನೆಂಟು ವರ್ಷದಿಂದ ಹಿಂಗೇ ಮಾಡ್ತಿರೋದು ಇಂಜಿನಿಯರಮ್ಮಾ" ಅಂದ್ರು.

ಮೊದಲೇ ಕೇಳಿದ್ದರೆ ಎರಡು ಸ್ಟಡ್ ಉಳೀತಿತ್ತು.